ನೀಟ್‌ಗಾಗಿ ಒಂದು ವರ್ಷ ಬಿಡಲೇ?

ಪ್ರಶ್ನೆ: ದ್ವಿತೀಯ ಪಿಯುಸಿ ಮುಗಿದಿದೆ. ನೀಟ್‌ನಲ್ಲಿ 720ಕ್ಕೆ 430 ಅಂಕ. ಕಾಲೇಜು ಸೇರದೆ ಒಂದು ವರ್ಷ ಓದಿ ಮತ್ತೆ ಬರೆಯುವ ಆಸೆ. ಅಪ್ಪ ‘ವರ್ಷ ಹಾಳಾಗುತ್ತೆ, ಬಿ.ಎಸ್ಸಿ. ಸೇರು’ ಅನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಹಾಸನ

ಉತ್ತರ: ನೀಟ್‌ಗೆ ಈಗ ಗರಿಷ್ಠ ವಯೋಮಿತಿಯಾಗಲಿ, ಇಷ್ಟೇ ಬಾರಿ ಬರೆಯಬೇಕೆಂಬ ನಿಯಮವಾಗಲಿ ಇಲ್ಲ. ಆದ್ದರಿಂದ ಬಾಗಿಲು ಮುಚ್ಚಿಹೋಗುವ ಭಯ ಬೇಡ.

ಕೋಚಿಂಗ್ ಫೀಸು ಕಟ್ಟುವ ಮೊದಲು ನಿಮ್ಮ ಓಎಂಆರ್ ಪ್ರತಿಯನ್ನು ಸರಿಯುತ್ತರಗಳ ಜೊತೆ ಹೋಲಿಸಿ. ಪ್ರತಿ ತಪ್ಪಿನ ಮುಂದೆ ಕಾರಣ ಬರೆಯಿರಿ: ಪಾಠವನ್ನೇ ಓದಿರಲಿಲ್ಲವೇ, ಸಮಯ ಸಾಲಲಿಲ್ಲವೇ, ಊಹಿಸಿ ಗುರುತು ಹಾಕಿದಿರಾ? ತಪ್ಪು ಉತ್ತರಕ್ಕೆ ಒಂದು ಅಂಕ ಕಡಿತವಾಗುವುದರಿಂದ ಊಹೆ ದುಬಾರಿ. ಇವೆಲ್ಲ ಒಂದು ವರ್ಷದಲ್ಲಿ ತಿದ್ದಿಕೊಳ್ಳಬಹುದಾದ ಕೊರತೆಗಳು. ಆದರೆ ಪುಸ್ತಕ ತೆರೆಯಲೇ ಬೇಸರವಾಗುತ್ತಿತ್ತು ಎಂದಾದರೆ ವರ್ಷ ಬಿಡಬೇಡಿ. ಆ ಬೇಸರ ಕೋಚಿಂಗ್ ಕ್ಲಾಸಿಗೂ ಜೊತೆಗೇ ಬರುತ್ತದೆ.

ಆ ಪಟ್ಟಿಯನ್ನು ಅಪ್ಪನಿಗೆ ತೋರಿಸಿ, ಖರ್ಚಿನ ಲೆಕ್ಕವನ್ನೂ ಜೊತೆಗೆ ಕೂತು ಮಾತಾಡಿ. ಬಿಡುವುದು ಒಂದೇ ವರ್ಷ ಎಂದು ಮೊದಲೇ ಒಪ್ಪಿಕೊಳ್ಳಿ. ಮುಂದಿನ ವರ್ಷ ಸಿಇಟಿಯನ್ನೂ ತಪ್ಪದೆ ಬರೆಯಿರಿ, ಬಿ.ಎಸ್ಸಿ. ಕೃಷಿ, ಪಶುವೈದ್ಯಕೀಯದಂಥ ಒಳ್ಳೆಯ ದಾರಿಗಳು ತೆರೆದಿರುತ್ತವೆ.