ಸ್ಟೋಮಾ ಸುತ್ತಲಿನ ಚರ್ಮಕ್ಕೆ ನೀರೇ ಮೊದಲ ಸೋಪು

ಕೊಲಾಸ್ಟಮಿ (ದೊಡ್ಡ ಕರುಳಿನದು), ಇಲಿಯಾಸ್ಟಮಿ (ಸಣ್ಣ ಕರುಳಿನದು) ಶಸ್ತ್ರಚಿಕಿತ್ಸೆಯಲ್ಲಿ ಮಲ ಹೊರಬರಲು ಹೊಟ್ಟೆಯ ಮೇಲೆ ಮಾಡುವ ದ್ವಾರವೇ ಸ್ಟೋಮಾ; ಮಲ ಸಂಗ್ರಹಕ್ಕೆ ಅದರ ಸುತ್ತ ಬ್ಯಾಗು ಅಂಟಿಸುತ್ತಾರೆ. ಈ ಶಸ್ತ್ರಚಿಕಿತ್ಸೆ ಆದವರ ಮನೆಯಲ್ಲಿ, ಚೆನ್ನಾಗಿ ಶುಚಿಯಾಗಲಿ ಎಂಬ ಕಾಳಜಿಯಿಂದಲೇ ಕೆಲವರು ಸ್ಟೋಮಾ ಸುತ್ತ ಡೆಟಾಲ್, ಸ್ಪಿರಿಟ್ ಹಚ್ಚಿ ಒರೆಸುತ್ತಾರೆ. ದಯವಿಟ್ಟು ಬೇಡ. ಉಗುರುಬೆಚ್ಚಗಿನ ನೀರು, ಮೆತ್ತನೆ ಬಟ್ಟೆ ಸಾಕು.

ಸೋಪು ಬೇಕೇ ಬೇಕೆನಿಸಿದರೆ ಪರಿಮಳ, ಎಣ್ಣೆ, ಮಾಯಿಶ್ಚರೈಸರ್ ಇಲ್ಲದ್ದನ್ನು ಆರಿಸಿ. ನಮ್ಮ ಚರ್ಮದ ಪಿಎಚ್ ಸುಮಾರು 5.5, ಸಾಮಾನ್ಯ ಸ್ನಾನದ ಸೋಪಿನದು 9ರಿಂದ 10; ಅದು ಚರ್ಮಕ್ಕೆ ಒಗ್ಗದು. ಅದರಲ್ಲೂ ಮೈಗೆ ನುಣುಪು ಕೊಡುವ ಸೋಪೇ ಇಲ್ಲಿ ಹೆಚ್ಚು ತೊಂದರೆ ಮಾಡುತ್ತದೆ. ಅದರ ಜಿಡ್ಡು ಉಳಿದರೆ ಬ್ಯಾಗು ಸರಿಯಾಗಿ ಅಂಟುವುದಿಲ್ಲ, ಸಂದಿಯಲ್ಲಿ ಸೋರುತ್ತದೆ. ಇಲಿಯಾಸ್ಟಮಿಯವರಲ್ಲಿ ಹೊರಬರುವ ದ್ರವದಲ್ಲಿ ಜೀರ್ಣರಸವಿರುತ್ತದೆ. ಸೋರಿದರೆ ಚರ್ಮ ಬೇಗನೆ ಸುಟ್ಟಂತಾಗುತ್ತದೆ. ಮಕ್ಕಳ ವೈಪ್ಸ್, ಕೊಬ್ಬರಿ ಎಣ್ಣೆ ಬೇಡವೆನ್ನುವುದೂ ಈ ಜಿಡ್ಡಿನ ಕಾರಣಕ್ಕೇ.

ಬ್ಯಾಗಿನ ಅಂಟು ಬಿಡಿಸಲು ಸಿಲಿಕೋನ್ ಆಧಾರದ ರಿಮೂವರ್ ಒಳ್ಳೆಯದು. ಉರಿಯುವುದಿಲ್ಲ, ತಾನೇ ಆರಿಹೋಗುತ್ತದೆ. ಆಲ್ಕೋಹಾಲ್ ಇರುವುದು ಕೆಂಪಾದ ಚರ್ಮಕ್ಕೆ ಚುರುಗುಟ್ಟುತ್ತದೆ. ಎಣ್ಣೆಯಂಶದ್ದಾದರೆ ಪೂರ್ತಿ ತೊಳೆಯಲೇಬೇಕು. ಬೆಲೆ ಹೆಚ್ಚೆನಿಸಿದರೆ ಒದ್ದೆ ಬಟ್ಟೆಯಿಂದ ಅಂಚನ್ನು ನೆನೆಸಿ, ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಬಿಡಿಸಿ. ಬ್ಯಾಗನ್ನು ಎಳೆಯಬಾರದು, ಇನ್ನೊಂದು ಕೈಯಿಂದ ಚರ್ಮವನ್ನು ಒತ್ತಿ ಹಿಂದೆ ಸರಿಸಬೇಕು. ನೇಲ್‌ಪಾಲಿಶ್ ರಿಮೂವರ್, ಸೀಮೆಎಣ್ಣೆ ಹತ್ತಿರವೂ ಸುಳಿಯದಿರಲಿ.

ತೊಳೆದ ಮೇಲೆ ಉಜ್ಜದೆ, ಒತ್ತಿ ಒಣಗಿಸಿ. ಸ್ಟೋಮಾ ಮುಟ್ಟಿದಾಗ ತುಸು ರಕ್ತ ಜಿನುಗಿದರೆ ಗಾಬರಿ ಬೇಡ. ಆದರೆ ಸುತ್ತಲ ಚರ್ಮ ಕೆಂಪಾಗಿಯೇ ಉಳಿದರೆ, ನೀರೊಸರಿದರೆ ಸೋಪು ಬದಲಿಸುತ್ತಾ ಕೂರದೆ ಸ್ಟೋಮಾ ನರ್ಸ್‌ಗೆ ತೋರಿಸಿ. ಬ್ಯಾಗಿನ ತೂತಿನ ಅಳತೆಯೇ ತಪ್ಪಿರಬಹುದು.