ಪುಡಿಯ ಡಬ್ಬಿಗಿಂತ ದಿನಚರಿಯೇ ದೊಡ್ಡ ಮದ್ದು

ಪ್ರಶ್ನೆ: ಮೇಡಂ, ನನಗೆ 26 ವರ್ಷ. ಊರು ಶಿವಮೊಗ್ಗದ ಹತ್ತಿರ. ಬೆಂಗಳೂರಿನ ಪಿ.ಜಿ.ಯಲ್ಲಿದ್ದು ಕಾಲ್ ಸೆಂಟರ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಶಿಫ್ಟ್ ಸಂಜೆ ನಾಲ್ಕರಿಂದ ರಾತ್ರಿ ಒಂದರವರೆಗೆ. ಎರಡು ವರ್ಷದಿಂದ ಮುಟ್ಟು ಹೊತ್ತಿಗೆ ಸರಿಯಾಗಿ ಆಗುತ್ತಿಲ್ಲ. ಈ ಸಲವಂತೂ ನಾಲ್ಕು ತಿಂಗಳಾಯಿತು. ತೂಕ 70 ಕಿಲೋ ಆಗಿದೆ, ಗಲ್ಲದ ಮೇಲೆ ಕೂದಲು ಬರುತ್ತಿದೆ. ಸ್ಕ್ಯಾನ್ ಮಾಡಿ ಪಿಸಿಒಡಿ ಎಂದರು, ಮಾತ್ರೆ ಬರೆದುಕೊಟ್ಟರು. ಹಾರ್ಮೋನ್ ಮಾತ್ರೆ ತಗೊಂಡರೆ ಮುಂದೆ ಮಕ್ಕಳಾಗುವುದಿಲ್ಲ ಎಂದು ರೂಮ್‌ಮೇಟ್ ಹೇಳಿದ್ದಕ್ಕೆ ಹೆದರಿ ನುಂಗಲಿಲ್ಲ. ಮೊಬೈಲ್‌ನಲ್ಲಿ ಜಾಹೀರಾತು ನೋಡಿ ಹಾರ್ಮೋನ್ ಸಮತೋಲನದ ಪುಡಿ ತರಿಸಿಕೊಂಡಿದ್ದೇನೆ. ಅಮ್ಮ ಮೆಂತ್ಯದ ನೀರು ಕುಡಿ ಎನ್ನುತ್ತಾರೆ. ಚಿಕ್ಕಮ್ಮ, ಮದುವೆಯಾದರೆ ಎಲ್ಲ ತಾನಾಗಿ ಸರಿಹೋಗುತ್ತದೆ ಎನ್ನುತ್ತಾರೆ. ಮಾತ್ರೆಯಿಲ್ಲದೆ ಮನೆಮದ್ದಿನಲ್ಲೇ ಇದನ್ನು ಸರಿಮಾಡಿಕೊಳ್ಳಬಹುದೇ? ಮುಂದೆ ನನಗೆ ಮಕ್ಕಳಾಗುತ್ತವೆಯೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ತುರ್ತಾಗಿ ಆಗಬೇಕಾದ ಕೆಲಸವನ್ನು ಮೊದಲು ಹೇಳಿಬಿಡುತ್ತೇನೆ. ಮುಟ್ಟಾಗಿ ನಾಲ್ಕು ತಿಂಗಳಾಗಿದೆ ಎಂದಿದ್ದೀರಿ. ಈ ವಾರವೇ ಸ್ತ್ರೀರೋಗ ತಜ್ಞರನ್ನು ಕಾಣಿ. ಗರ್ಭ ನಿಂತಿರುವ ಸಾಧ್ಯತೆ ಸ್ವಲ್ಪವಾದರೂ ಇದ್ದರೆ ಅದರ ಪರೀಕ್ಷೆಯೂ ಆಗಲಿ. ಅಂಡ ಬಿಡುಗಡೆಯಾಗದ ತಿಂಗಳುಗಳಲ್ಲಿ ಪ್ರೊಜೆಸ್ಟರಾನ್ ಹಾರ್ಮೋನ್ ಬೇಕಾದಷ್ಟು ಉತ್ಪತ್ತಿಯಾಗುವುದಿಲ್ಲ. ಈಸ್ಟ್ರೋಜನ್ ಮಾತ್ರ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಗರ್ಭಕೋಶದ ಒಳಪೊರೆ ಕಳಚಿ ಹೋಗದೆ ದಪ್ಪವಾಗುತ್ತ ಹೋಗುತ್ತದೆ. ಒಂದು ದಿನ ವಿಪರೀತ ರಕ್ತಸ್ರಾವವಾಗಬಹುದು. ವರ್ಷಗಟ್ಟಲೆ ಹೀಗೇ ಬಿಟ್ಟರೆ ಆ ಪೊರೆಯಲ್ಲಿ ಕ್ಯಾನ್ಸರ್ ಹುಟ್ಟುವ ಅಪಾಯವೂ ಹೆಚ್ಚುತ್ತದೆ. ನಿಮ್ಮ ವಯಸ್ಸಿನಲ್ಲಿ ಅದು ತೀರಾ ಅಪರೂಪ, ಗಾಬರಿ ಬೇಡ. ಆದರೆ ಮುಟ್ಟಿಲ್ಲದೆ 90 ದಿನ ದಾಟಿದರೆ ಮನೆಮದ್ದು ಮಾಡುತ್ತ ಕೂರುವಂತಿಲ್ಲ ಎಂಬುದನ್ನು ನಿಯಮವಾಗಿ ಇಟ್ಟುಕೊಳ್ಳಿ.

ಇನ್ನು ನಿಮ್ಮ ನಿದ್ದೆ ಕೆಡಿಸಿರುವ ಪ್ರಶ್ನೆ. ಮಕ್ಕಳಾಗುತ್ತವೆಯೇ? ಈ ತೊಂದರೆಯಿರುವ ಹೆಚ್ಚಿನ ಹೆಂಗಸರಿಗೆ ಮಕ್ಕಳಾಗುತ್ತವೆ. ಕೆಲವರಿಗೆ ಅಂಡ ಬಿಡುಗಡೆಯಾಗಲು ಲೆಟ್ರೊಜೋಲ್‌ನಂಥ ಮಾತ್ರೆಯ ನೆರವು ಬೇಕಾಗುತ್ತದೆ, ಅಷ್ಟೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ಪ್ರತಿ ನೂರು ಹೆಂಗಸರಲ್ಲಿ 10ರಿಂದ 13 ಮಂದಿಗೆ ಇದು ಇದೆ. ನಿಮ್ಮ ಪಿ.ಜಿ.ಯಲ್ಲೇ ಯಾರಿಗೂ ಹೇಳದೆ ಇದನ್ನು ಅನುಭವಿಸುತ್ತಿರುವ ಇನ್ನೊಬ್ಬಳು ಇರಬಹುದು.

ಎಲ್ಲರೂ ಪಿಸಿಒಡಿ ಎನ್ನುವುದನ್ನು ವೈದ್ಯರು ಈಗ ಹೆಚ್ಚಾಗಿ ಪಿಸಿಒಎಸ್ ಎಂದು ಬರೆಯುತ್ತಾರೆ. ಸ್ಕ್ಯಾನ್‌ನಲ್ಲಿ ಕಾಣುವ ಗುಳ್ಳೆಗಳು ಗೆಡ್ಡೆಗಳಲ್ಲ. ಪೂರ್ತಿ ಬಲಿಯದೆ ಅರ್ಧದಲ್ಲೇ ನಿಂತ ಅಂಡದ ಚೀಲಗಳು (ಫಾಲಿಕಲ್‌ಗಳು). ಸ್ಕ್ಯಾನ್ ಒಂದನ್ನೇ ನೋಡಿ ಇದನ್ನು ತೀರ್ಮಾನಿಸುವುದಿಲ್ಲ. ಮುಟ್ಟಿನ ಏರುಪೇರು, ಪುರುಷ ಹಾರ್ಮೋನ್ ಹೆಚ್ಚಿರುವ ಲಕ್ಷಣ, ಸ್ಕ್ಯಾನ್‌ನ ಚಿತ್ರ, ಈ ಮೂರರಲ್ಲಿ ಎರಡು ಇರಬೇಕು. ಹೀಗೆಯೇ ಕಾಣುವ ಬೇರೆ ಕಾಯಿಲೆ ಇಲ್ಲ ಎಂಬುದೂ ಖಾತ್ರಿಯಾಗಬೇಕು. ಥೈರಾಯ್ಡ್ ಕೆಟ್ಟರೂ, ಪ್ರೊಲ್ಯಾಕ್ಟಿನ್ ಹಾರ್ಮೋನ್ ಹೆಚ್ಚಾದರೂ ಮುಟ್ಟು ತಪ್ಪುತ್ತದೆ. ಹಾಗಾಗಿ ಥೈರಾಯ್ಡ್‌ನ ಟಿಎಸ್‌ಎಚ್, ಪ್ರೊಲ್ಯಾಕ್ಟಿನ್, ಟೆಸ್ಟೋಸ್ಟಿರಾನ್, ಸಕ್ಕರೆ, ಕೊಲೆಸ್ಟರಾಲ್, ಬಿ.ಪಿ. ಪರೀಕ್ಷೆಗಳು ಆಗಿವೆಯೇ ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ. ಕಾಯಿಲೆ ಯಾವುದೆಂದು ಗೊತ್ತಾಗದೆ ಮದ್ದು ಹುಡುಕುವುದರಿಂದ ಕಳೆಯುವುದು ಹೊತ್ತು, ಹಣ.

ಪಿಸಿಒಎಸ್‌ನಲ್ಲಿ ಆಹಾರ, ನಡಿಗೆ, ನಿದ್ದೆಗಳಿಗೆ ತುಂಬ ಮಹತ್ವವಿದೆ, ಯಾಕೆಂದರೆ ಈ ತೊಂದರೆಯಿರುವ ಬಹಳ ಜನರಲ್ಲಿ ದೇಹ ಇನ್ಸುಲಿನ್ನಿನ ಮಾತು ಕೇಳುವುದಿಲ್ಲ. ಬಾಗಿಲು ತಟ್ಟಿದ್ದು ಒಳಗಿನವರಿಗೆ ಕೇಳಿಸದಿದ್ದಾಗ ಇನ್ನೂ ಜೋರಾಗಿ ತಟ್ಟುವ ಹಾಗೆ ದೇಹ ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸುತ್ತದೆ. ಆ ಹೆಚ್ಚುವರಿ ಇನ್ಸುಲಿನ್ ಅಂಡಾಶಯವನ್ನು ಕೆರಳಿಸಿ ಪುರುಷ ಹಾರ್ಮೋನ್ ಆದ ಟೆಸ್ಟೋಸ್ಟಿರಾನ್ ಹೆಚ್ಚಿಸುತ್ತದೆ. ಗಲ್ಲದ ಕೂದಲು, ಮೊಡವೆ, ತಪ್ಪುವ ಮುಟ್ಟು ಎಲ್ಲವೂ ಅದರ ಬೆನ್ನಿಗೇ ಬರುತ್ತವೆ. ಇನ್ಸುಲಿನ್ ಇಳಿದರೆ ಈ ಸರಪಳಿ ಸಡಿಲವಾಗುತ್ತದೆ. ಅದಕ್ಕೇ ತೂಕದಲ್ಲಿ ನೂರಕ್ಕೆ 5ರಿಂದ 10 ಭಾಗ ಇಳಿದರೂ ಎಷ್ಟೋ ಜನರಲ್ಲಿ ಮುಟ್ಟು ಮರಳುತ್ತದೆ. ನಿಮ್ಮ ಲೆಕ್ಕದಲ್ಲಿ ಮೊದಲ ಗುರಿ ಮೂರೂವರೆ ಕಿಲೋ. ಉಪವಾಸ ಬಿದ್ದು ತಿಂಗಳಿಗೆ ಹತ್ತು ಕಿಲೋ ಇಳಿಸುವ ಹಟ ಬೇಡವೇ ಬೇಡ. ದೇಹ ಸೊರಗಿದರೂ ಮುಟ್ಟು ನಿಲ್ಲುತ್ತದೆ.

ಪಿ.ಜಿ. ಊಟದಲ್ಲಿ ಏನು ಮಾಡಲಿ ಎಂದು ನೀವು ಕೇಳಬಹುದು. ಅನ್ನ ಬಿಡಬೇಕಿಲ್ಲ. ತಟ್ಟೆಯ ಅರ್ಧ ಅನ್ನವಿರುವ ಬದಲು ಅರ್ಧ ಪಲ್ಯ, ಕೋಸಂಬರಿ ಇರಲಿ. ಕಾಲು ಭಾಗ ಕಾಳು, ಬೇಳೆ, ಮೊಟ್ಟೆ ಅಥವಾ ಮೀನು. ಉಳಿದ ಕಾಲು ಭಾಗ ಅನ್ನವೋ ಚಪಾತಿಯೋ ಮುದ್ದೆಯೋ. ಪಲ್ಯ ಸಾಲದಿದ್ದರೆ ಸೌತೆಕಾಯಿ, ಕ್ಯಾರೆಟ್ ಹೆಚ್ಚಿಕೊಂಡು ಕೂರಿ. ರಾತ್ರಿ ನೆನೆಹಾಕಿದ ಹೆಸರುಕಾಳಿಗೆ ಒಲೆಯೂ ಬೇಕಿಲ್ಲ. ಶಿಫ್ಟಿನ ನಡುವೆ ಪಫ್ಸ್, ಬನ್ನಿನ ಜಾಗದಲ್ಲಿ ಒಂದು ಹಿಡಿ ಹುರಿದ ಕಡಲೆಬೀಜ ಇಟ್ಟುಕೊಳ್ಳಿ. ರಾತ್ರಿ ಪಾಳಿಯಲ್ಲಿ ಎಷ್ಟು ಟೀ, ಒಂದೊಂದಕ್ಕೆ ಎಷ್ಟು ಚಮಚ ಸಕ್ಕರೆ ಎಂದು ಲೆಕ್ಕ ಹಾಕಿ. ತೂಕದ ಗುಟ್ಟು ಅಲ್ಲೇ ಇರಬಹುದು. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಹೇರಳ. ಸೊಪ್ಪಿನ ಸಾರಿನ ಜೊತೆ ಒಂದು ಮುದ್ದೆ ಒಳ್ಳೆಯ ಊಟ. ಬೆಲ್ಲ ಸುರಿದು ಮಾಡಿದ ರಾಗಿ ಮಾಲ್ಟ್‌ಗೆ ಆ ಗುಣವಿಲ್ಲ. ಇನ್ಸುಲಿನ್ ಮಟ್ಟಿಗೆ ಬೆಲ್ಲವೂ ಸಕ್ಕರೆಯೇ.

ವಾರಕ್ಕೆ 150 ನಿಮಿಷ ಬಿರುಸಾದ ನಡಿಗೆ ಬೇಕು. ತೂಕ ಇಳಿಯಬೇಕಾದರೆ ಅದಕ್ಕಿಂತ ಹೆಚ್ಚು. ಎದ್ದ ಮೇಲೆ ಅರ್ಧ ಗಂಟೆ, ಊಟದ ನಂತರ ಹತ್ತು ನಿಮಿಷ ಎಂದು ಹಂಚಿಕೊಳ್ಳಿ. ವಾರದಲ್ಲಿ ಎರಡು ದಿನ ಸ್ನಾಯುಗಳಿಗೂ ಕೆಲಸ ಕೊಡಿ. ಜಿಮ್ಮಿಗೆ ದುಡ್ಡು ಕಟ್ಟಬೇಕಿಲ್ಲ. ರೂಮಿನಲ್ಲೇ ಬಸ್ಕಿ ಹೊಡೆಯಿರಿ, ಗೋಡೆಗೆ ಕೈಯೂರಿ ದಂಡ ಮಾಡಿ. ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ಇನ್ಸುಲಿನ್ನಿನ ಹಂಗಿಲ್ಲದೆಯೂ ಎಳೆದುಕೊಳ್ಳುತ್ತದೆ. ತಕ್ಕಡಿಯ ಮುಳ್ಳು ಅಲ್ಲಾಡದಿದ್ದರೂ ಈ ಲಾಭ ನಿಮಗೆ ಸಿಗುತ್ತದೆ.

ನಿಮ್ಮ ಪತ್ರದಲ್ಲಿ ನೀವು ಸಲೀಸಾಗಿ ದಾಟಿ ಹೋಗಿರುವುದು ನಿದ್ದೆ. ಕಡಿಮೆ ನಿದ್ದೆ ಇನ್ಸುಲಿನ್ನಿನ ಕೆಲಸವನ್ನು ಇನ್ನಷ್ಟು ಕೆಡಿಸುತ್ತದೆ, ಸಿಹಿಯ ಚಪಲ ಹೆಚ್ಚಿಸುತ್ತದೆ. ಶಿಫ್ಟ್ ಬದಲಿಸಲಾಗದಿದ್ದರೆ ಮಲಗುವ, ಏಳುವ ಹೊತ್ತನ್ನಾದರೂ ರಜೆಯ ದಿನವೂ ಒಂದೇ ಇಡಿ. ಕಿಟಕಿಗೆ ದಪ್ಪ ಪರದೆ ಹಾಕಿ, ಮೊಬೈಲನ್ನು ಕೈಗೆಟುಕದಷ್ಟು ದೂರವಿಟ್ಟು ಏಳು ಗಂಟೆ ಮಲಗಿ. ಗೊರಕೆ ಜೋರಾಗಿದ್ದು ಹಗಲೆಲ್ಲ ತೂಕಡಿಕೆಯಿದ್ದರೆ ವೈದ್ಯರಿಗೆ ಹೇಳಿ. ಈ ತೊಂದರೆಯಿರುವವರಲ್ಲಿ ನಿದ್ದೆಯ ಉಸಿರಾಟದ ಸಮಸ್ಯೆ ಹೆಚ್ಚು.

ಅಮ್ಮನ ಮೆಂತ್ಯಕ್ಕೆ ಬರೋಣ. ಮೆಂತ್ಯದ ನಾರು ಸಕ್ಕರೆ ರಕ್ತಕ್ಕೆ ಸೇರುವುದನ್ನು ತುಸು ನಿಧಾನಿಸುತ್ತದೆ. ಬರೀ ನೀರು ಕುಡಿದು ಕಾಳು ಚೆಲ್ಲಬೇಡಿ, ಕಾಳನ್ನೂ ತಿನ್ನಿ. ಅಗಸೆಬೀಜ, ಎಳ್ಳಿನ ಚಟ್ನಿಪುಡಿ ಒಳ್ಳೆಯ ಆಹಾರ. ಆದರೆ ತಿಂಗಳ ಮೊದಲ ಅರ್ಧಕ್ಕೆ ಒಂದು ಬೀಜ, ಉಳಿದರ್ಧಕ್ಕೆ ಇನ್ನೊಂದು ಎಂಬ ಪಟ್ಟಿಗೆ ಗಟ್ಟಿ ಆಧಾರವಿಲ್ಲ. ಪುದೀನ ಜಾತಿಯ ಸ್ಪಿಯರ್‌ಮಿಂಟ್ ಸೊಪ್ಪಿನ ಚಹಾ ಟೆಸ್ಟೋಸ್ಟಿರಾನನ್ನು ಸ್ವಲ್ಪ ಇಳಿಸಿದ್ದು ಸಣ್ಣ ಪ್ರಯೋಗಗಳಲ್ಲಿ ಕಂಡಿದೆ. ಕುಡಿಯಿರಿ, ಆದರೆ ಗಲ್ಲದ ಕೂದಲು ಅದರಿಂದಲೇ ಮಾಯವಾದೀತೆಂಬ ಆಸೆ ಬೇಡ. ಅಂಗಡಿಯ ಸಾಮಾನ್ಯ ಚಕ್ಕೆಯನ್ನು ಚಮಚಗಟ್ಟಲೆ ನುಂಗಿದರೆ ಅದರಲ್ಲಿರುವ ಕೂಮರಿನ್ ಪಿತ್ತಜನಕಾಂಗಕ್ಕೆ ಕೆಟ್ಟದ್ದು. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಗರ್ಭಿಣಿಯರಿಗೆ ಸಲ್ಲದು. ಜ್ಯೇಷ್ಠಮಧು ಹೆಚ್ಚಾದರೆ ಬಿ.ಪಿ. ಏರುತ್ತದೆ. ಗಿಡಮೂಲಿಕೆಗೆ ಗುಣವಿದೆ ಎಂದು ಒಪ್ಪಿದ ಮೇಲೆ ಅದಕ್ಕೆ ಅಡ್ಡಪರಿಣಾಮವೂ ಇದೆ ಎಂದು ಒಪ್ಪಲೇಬೇಕು. ನೀವು ತರಿಸಿರುವ ಪುಡಿಯನ್ನು ಇವತ್ತೇ ನಿಲ್ಲಿಸಿ, ಡಬ್ಬಿಯನ್ನು ವೈದ್ಯರಿಗೆ ತೋರಿಸಿ. ಆಯುರ್ವೇದದಲ್ಲಿ ನಂಬಿಕೆಯಿದ್ದರೆ ನೋಂದಾಯಿತ ಆಯುರ್ವೇದ ವೈದ್ಯರ ಬಳಿ ಹೋಗಿ ನಾಡಿ ತೋರಿಸಿ. ನೀವು ನುಂಗುವುದೆಲ್ಲ ಇಬ್ಬರು ವೈದ್ಯರಿಗೂ ಗೊತ್ತಿರಲಿ.

ಬರೆದುಕೊಟ್ಟ ಮಾತ್ರೆ ಬಹುಶಃ ಗರ್ಭನಿರೋಧಕದ ಜಾತಿಯದು. ಅದು ಬಂಜೆತನ ತರುವುದಿಲ್ಲ. ಗರ್ಭಕೋಶದ ಪೊರೆಯನ್ನು ಕಾಪಾಡುತ್ತದೆ, ಪುರುಷ ಹಾರ್ಮೋನನ್ನು ತಗ್ಗಿಸುತ್ತದೆ. ಕಣ್ಣಿಗೆ ಮಿಂಚು ಕಂಡು ಬರುವ ಮೈಗ್ರೇನ್, ರಕ್ತ ಹೆಪ್ಪುಗಟ್ಟಿದ ಇತಿಹಾಸ, ಹೆಚ್ಚಿನ ಬಿ.ಪಿ. ಇದ್ದವರಿಗೆ ಅದು ಒಗ್ಗದು, ಅಂಥದ್ದಿದ್ದರೆ ಮೊದಲೇ ಹೇಳಿ. ಮೆಟ್‌ಫಾರ್ಮಿನ್ ಆಗಿದ್ದರೆ ಊಟದ ಜೊತೆ ತೆಗೆದುಕೊಳ್ಳಿ, ಹೊಟ್ಟೆ ತೊಳಸುವುದು ಕಡಿಮೆಯಾಗುತ್ತದೆ. ಗಲ್ಲದ ಕೂದಲಿಗೆ ಯಾವ ಔಷಧವೂ ಫಲ ಕೊಡಲು ಆರು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಥ್ರೆಡಿಂಗೋ ಶೇವಿಂಗೋ ಮಾಡಿಕೊಳ್ಳಿ. ಬೋಳಿಸಿದರೆ ಕೂದಲು ದಪ್ಪವಾಗುತ್ತದೆ ಎನ್ನುವುದು ಸುಳ್ಳು.

ಚಿಕ್ಕಮ್ಮನ ಮಾತಿನಲ್ಲಿ ಪ್ರೀತಿಯಿದೆ, ತಿಳಿವಳಿಕೆಯಿಲ್ಲ. ಮದುವೆ ಯಾವ ಹಾರ್ಮೋನಿಗೂ ಮದ್ದಲ್ಲ. “ಚಿಕ್ಕಮ್ಮ, ಡಾಕ್ಟರ ಹತ್ತಿರ ತೋರಿಸ್ತಾ ಇದ್ದೀನಿ, ಮದುವೆ ಮಾತು ಬೇರೆ, ಇದು ಬೇರೆ” ಎಂದು ಮೆತ್ತಗೆ, ಆದರೆ ಖಚಿತವಾಗಿ ಹೇಳಿ. ಅಮ್ಮನನ್ನು ಒಮ್ಮೆ ನಿಮ್ಮ ಜೊತೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ವೈದ್ಯರಿಂದಲೇ ಕೇಳಿಸಿಕೊಂಡರೆ ಅವರೇ ನಿಮ್ಮ ಪರ ನಿಲ್ಲುತ್ತಾರೆ. ಈ ತೊಂದರೆಯಿರುವವರಲ್ಲಿ ಖಿನ್ನತೆ, ಆತಂಕ ಹೆಚ್ಚು. ಕನ್ನಡಿ ನೋಡಲು ಬೇಸರ, ಕಾರಣವಿಲ್ಲದ ಅಳು, ಯಾರೂ ಬೇಡವೆನ್ನಿಸುವುದು ವಾರಗಟ್ಟಲೆ ಉಳಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ; ಕನ್ನಡದಲ್ಲೇ ಮಾತಾಡುತ್ತಾರೆ.

ಒಂದು ಪುಸ್ತಕದಲ್ಲಿ ಮುಟ್ಟಿನ ತಾರೀಕು, ನಡೆದ ನಿಮಿಷ, ಮಲಗಿದ ಗಂಟೆ ಬರೆದಿಡಿ, ಮೂರು ತಿಂಗಳಿಗೊಮ್ಮೆ ವೈದ್ಯರಿಗೆ ತೋರಿಸಿ. ಮನೆಮದ್ದಿನಲ್ಲೇ ಸರಿಮಾಡಿಕೊಳ್ಳಬಹುದೇ ಎಂದು ಕೇಳಿದಿರಿ. ನಿಮ್ಮ ತಟ್ಟೆ, ನಡಿಗೆ, ನಿದ್ದೆ ಈ ಚಿಕಿತ್ಸೆಯ ತಳಹದಿ, ಅದನ್ನು ನಿಮ್ಮ ಬದಲು ಬೇರೆ ಯಾರೂ ಮಾಡಲಾರರು. ಶ್ರದ್ಧೆಯಿಂದ ನಡೆದುಕೊಳ್ಳುತ್ತಿದ್ದರೂ ಮಾತ್ರೆ ಬೇಕಾದರೆ ಅದು ನಿಮ್ಮ ಸೋಲಲ್ಲ. ಮಾತ್ರೆ ನುಂಗಿ, ನಡಿಗೆ ಬಿಡಬೇಡಿ. ಎರಡೂ ಒಂದೇ ಚಿಕಿತ್ಸೆಯ ಭಾಗಗಳು.