ಸ್ಥೂಲಕಾಯವೂ ಔಷಧವೂ

ನೇತ್ರಾವತಿಯ ದಡದ ಬಂಟ್ವಾಳ, ಘಟ್ಟದ ಬುಡದ ಬೆಳ್ತಂಗಡಿ, ಸಾವಿರ ಕಂಬದ ಬಸದಿಯ ಮೂಡುಬಿದಿರೆ - ಈ ಊರುಗಳ ಹಿರಿಯರು ತಮ್ಮ ಬಾಲ್ಯವನ್ನು ನೆನೆದರೆ, ಕುಚ್ಚಲಕ್ಕಿಯ ಗಂಜಿಯುಂಡು ಗದ್ದೆಯ ಬದುಗಳ ಮೇಲೆ ನಡೆದು ಶಾಲೆ ಸೇರಿದ ಕಥೆಯನ್ನು ಹೇಳುತ್ತಾರೆ. ಅಂದು ಅನೇಕರನ್ನು ಕಾಡಿದ್ದು ಅನ್ನದ ಕೊರತೆ. ಇಂದು ಶಾಲೆಯ ವಾಹನ ಮನೆಯ ಬಳಿಗೇ ಬರುತ್ತದೆ. ಬೇಕರಿಯ ಸಿಹಿತಿಂಡಿಗಳೂ ಕರಿದ ತಿಂಡಿಗಳೂ ಕೈಗೆಟಕುತ್ತವೆ. ಇದರೊಡನೆ ಹೊಸದೊಂದು ತೊಂದರೆಯೂ ತಲೆಯೆತ್ತಿದೆ. ಅದೇ ಹರೆಯದವರ ಸ್ಥೂಲಕಾಯ.

ಸ್ಥೂಲಕಾಯವನ್ನು ಕಣ್ಣಳತೆಯಿಂದ ನಿರ್ಣಯಿಸಲಾಗದು. ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಬೇಕು. 1.5 ಮೀಟರ್ ಎತ್ತರ, 72 ಕಿಲೋಗ್ರಾಂ ತೂಕವಿರುವ ಬಾಲಕನಿಗೆ ಬರುವ ಸಂಖ್ಯೆ 32. ಇದಕ್ಕೆ ದೇಹತೂಕ ಸೂಚ್ಯಂಕವೆಂದು ಹೆಸರು. ವೈದ್ಯರು ಇದನ್ನು ವಯಸ್ಸಿಗೂ ಲಿಂಗಕ್ಕೂ ತಕ್ಕ ಬೆಳವಣಿಗೆಯ ನಕ್ಷೆಯೊಡನೆ ಹೋಲಿಸಿ ನೋಡುತ್ತಾರೆ. ಸೂಚ್ಯಂಕವು ಮಿತಿಮೀರಿದ್ದರೆ ಎಳೆಯ ವಯಸ್ಸಿನಲ್ಲಿಯೇ ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡಗಳು ಬರಬಹುದು. ಯಕೃತ್ತಿನಲ್ಲಿ ಕೊಬ್ಬು ಸೇರಬಹುದು.

ಇದನ್ನು ಹೊಟ್ಟೆಬಾಕತನದ ಫಲವೆಂದು ಹಳಿಯುವುದು ಸರಿಯಲ್ಲ. ಆಹಾರ, ಚಟುವಟಿಕೆ, ನಿದ್ರೆಗಳಂತೆ ಅನುವಂಶೀಯತೆಯೂ ಇದಕ್ಕೆ ಕಾರಣ. ಸಹಪಾಠಿಯನ್ನು ‘ಡುಮ್ಮ’ ಎಂದು ಗೇಲಿ ಮಾಡುವವರು ಅವನ ತೂಕವನ್ನು ಗುಂಜಿಯಷ್ಟೂ ಇಳಿಸಲಾರರು. ಅವನನ್ನು ಆಟದ ಬಯಲಿನಿಂದ ದೂರಮಾಡುತ್ತಾರೆ, ಅಷ್ಟೆ.

ಹಾಗಾದರೆ ಇದಕ್ಕೆ ಔಷಧವಿಲ್ಲವೆ? ಉಂಟು. ನಾವು ಉಂಡಾಗ ಕರುಳಿನಿಂದ ಜಿ.ಎಲ್.ಪಿ.-1 ಎಂಬ ಹಾರ್ಮೋನು ಸ್ರವಿಸುತ್ತದೆ. ಅದು ‘ಸಾಕು’ ಎಂಬ ಸಂದೇಶವನ್ನು ಮಿದುಳಿಗೆ ಮುಟ್ಟಿಸಿ, ಕೆಲವೇ ನಿಮಿಷಗಳಲ್ಲಿ ನಾಶವಾಗುತ್ತದೆ. ಅದನ್ನು ಹೋಲುವ, ಆದರೆ ದೇಹದಲ್ಲಿ ಬಹುಕಾಲ ನಿಲ್ಲುವ ಔಷಧವೇ ಸೆಮಾಗ್ಲುಟೈಡ್. ಇದನ್ನು ವಾರಕ್ಕೊಮ್ಮೆ ಚುಚ್ಚುಮದ್ದಾಗಿ ಕೊಡುತ್ತಾರೆ. 2022ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 201 ಮಂದಿ ಹರೆಯದವರು ಪಾಲ್ಗೊಂಡಿದ್ದರು. 68 ವಾರಗಳ ತರುವಾಯ ಔಷಧ ಪಡೆದವರ ಸೂಚ್ಯಂಕವು ಸರಾಸರಿ ಶೇಕಡಾ 16.1ರಷ್ಟು ಇಳಿದಿತ್ತು; ಪಡೆಯದವರದು ಶೇಕಡಾ 0.6ರಷ್ಟು ಏರಿತ್ತು. ಅದೇ ವರ್ಷ ಅಮೆರಿಕವು 12 ವರ್ಷ ತುಂಬಿದ ಸ್ಥೂಲಕಾಯರಿಗೆ ಈ ಔಷಧವನ್ನು ಕೊಡಲು ಅನುಮತಿ ನೀಡಿತು.

ಆದರೂ ಇದು ಮಂತ್ರದಂಡವಲ್ಲ. ವಾಕರಿಕೆ, ವಾಂತಿಗಳು ಸಾಮಾನ್ಯ. ಪಿತ್ತಕೋಶದಲ್ಲಿ ಕಲ್ಲುಗಳಾಗುವುದೂ ಉಂಟು. ಔಷಧವನ್ನು ನಿಲ್ಲಿಸಿದರೆ ಇಳಿದ ತೂಕದ ಬಹುಪಾಲು ಮರಳಿ ಬರಬಹುದು. ಹಿಂದೆ ತೂಕ ಇಳಿಸಲು ಬಳಸುತ್ತಿದ್ದ ಸಿಬುಟ್ರಮೀನ್ ಎಂಬ ಮಾತ್ರೆಯಿಂದ ಹೃದಯಕ್ಕೆ ಅಪಾಯವೆಂದು ಕಂಡುಬಂದು, ಭಾರತವು ಅದನ್ನು 2011ರಲ್ಲಿ ನಿಷೇಧಿಸಿತು. ಆದುದರಿಂದ ಮನೆಯ ಹಿರಿಯರು ಸಕ್ಕರೆ ಕಾಯಿಲೆಗೆಂದು ತಂದಿಟ್ಟ ಚುಚ್ಚುಮದ್ದನ್ನು ಮಕ್ಕಳು ಗುಟ್ಟಾಗಿ ಬಳಸುವುದು ಪ್ರಾಣಕ್ಕೇ ಸಂಚಕಾರ ತರಬಹುದು. ಯಾರಿಗೆ, ಎಷ್ಟು, ಎಂದಿನವರೆಗೆ ಎಂಬುದನ್ನು ನಿರ್ಧರಿಸಬೇಕಾದವರು ವೈದ್ಯರು.

ಔಷಧ ಪಡೆದವರಿಗೂ ಮಿತವಾದ ಊಟ, ಆಟ, ನಿದ್ರೆಗಳು ತಪ್ಪವು. ಮೇಲಿನ ಪ್ರಯೋಗದಲ್ಲಿಯೂ ಎಲ್ಲರಿಗೂ ಆಹಾರ ವ್ಯಾಯಾಮಗಳ ಮಾರ್ಗದರ್ಶನವಿತ್ತು. ಹಿತ್ತಿಲ ಬಸಳೆ, ಹುರುಳಿಯ ಸಾರು, ಸಂಜೆಯ ಕಬಡ್ಡಿ - ಇವು ನಮ್ಮ ಊರಿನಲ್ಲಿಯೇ ಇವೆ. ನಾಚಿಕೆಯನ್ನು ಬಿಟ್ಟು ವೈದ್ಯರ ಬಳಿಗೆ ಹೋಗುವುದು ರೋಗಿಯ ವಿವೇಕ. ಗೇಲಿಯನ್ನು ಬಿಟ್ಟು ಅವನನ್ನು ಆಟಕ್ಕೆ ಕರೆಯುವುದು ಗೆಳೆಯರ ಧರ್ಮ.

ಪದಗಳ ಅರ್ಥ
ಅನುವಂಶೀಯತೆ - ಹೆತ್ತವರಿಂದ ಬರುವ ಗುಣ. ಯಕೃತ್ತು - ಪಿತ್ತಜನಕಾಂಗ. ಸಂಚಕಾರ - ಕೇಡು

ಅಭ್ಯಾಸ
1. ದೇಹತೂಕ ಸೂಚ್ಯಂಕವನ್ನು ಲೆಕ್ಕಹಾಕುವುದು ಹೇಗೆ?
2. ‘ಇದು ಮಂತ್ರದಂಡವಲ್ಲ’ - ಈ ಮಾತನ್ನು ಸಮರ್ಥಿಸಿರಿ.